ಕೆಟ್ಟಿತೋ, ಕೆಡಿಸಿದರೋ?

ನಮ್ಮ ಇಂಗ್ಲಿಷ್ ತರಗತಿಯಲ್ಲಿ ಕಳೆದ ವರ್ಷ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಅಂದು ನಗೆಪಾಟಲಾದವನು ನಾನೇ ಆದುದರಿಂದ ಅದನ್ನು ಹೇಳುವುದಕ್ಕೆ ಬೇರೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಭಾಷಾಂತರದ ಅಭ್ಯಾಸ ನಡೆದಿತ್ತು. ಹಲಗೆಯ ಮೇಲೆ ಹತ್ತು ಕನ್ನಡ ವಾಕ್ಯಗಳಿದ್ದುವು. ಏಳನೆಯದು, "ಮಳೆಗಾಲ ಕಳೆದ ಮೇಲೆ ಅಜ್ಜನ ಆರೋಗ್ಯ ಕೆಟ್ಟಿತು" ಎಂಬುದು. 'ಬ್ಯಾಡ್' ಎಂಬ ಶಬ್ದದಿಂದ ಕೆಲಸ ಮುಗಿಸಿದರೆ ಹೈಸ್ಕೂಲಿನ ಹುಡುಗನ ಬರಹವಾದೀತೆಂದು ಹೆದರಿ, ಪತ್ರಿಕೆಗಳಲ್ಲಿ ಕಂಡಿದ್ದ 'ಡಿಕ್ಲೈನ್' ಎಂಬ ತೂಕದ ಮಾತನ್ನು ಹುಡುಕಿ ತಂದು, ಅದರ ಹಿಂದೆ ಒಂದು 'ವಾಸ್' ಜೋಡಿಸಿ, 'ಹೆಲ್ತ್ ವಾಸ್ ಡಿಕ್ಲೈನ್ಡ್' ಎಂದು ಬರೆದು ಎದ್ದು ನಿಂತು ಗಟ್ಟಿಯಾಗಿ ಓದಿದೆ. ಅಧ್ಯಾಪಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆರೋಗ್ಯವನ್ನು ಕೊಡಲು ಬಂದವರು ಯಾರು, ಅದನ್ನು ಬೇಡವೆಂದವರು ಯಾರು, ಸ್ವಲ್ಪ ಹೇಳಪ್ಪ" ಎಂದರು.

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಗದೆ ಇನ್ನೇನು ಮಾಡಲಿ? ಇಳಿಮುಖವಾಗು ಎಂಬ ಅರ್ಥದಲ್ಲಿ 'ಡಿಕ್ಲೈನ್' ಅಕರ್ಮಕ ಕ್ರಿಯಾಪದ. 'ಹೆಲ್ತ್ ಡಿಕ್ಲೈನ್ಡ್' ಎಂದಷ್ಟೇ ಹೇಳತಕ್ಕದ್ದು. ಅದನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿದೊಡನೆ ಅರ್ಥವೇ ಬದಲಾಗಿ 'ನಿರಾಕರಿಸಲ್ಪಟ್ಟಿತು' ಎಂದಾಗುತ್ತದೆ. ಔತಣಕ್ಕೆ ಬರಲಾರೆನೆಂದು ಸಭ್ಯವಾಗಿ ತಿಳಿಸುವುದೂ 'ಡಿಕ್ಲೈನ್', ಸಾಮ್ರಾಜ್ಯ ಇಳಿಯುವುದೂ 'ಡಿಕ್ಲೈನ್', ಲ್ಯಾಟಿನ್ ವ್ಯಾಕರಣದಲ್ಲಿ ನಾಮಪದಕ್ಕೆ ವಿಭಕ್ತಿ ಹಚ್ಚುವುದೂ 'ಡಿಕ್ಲೈನ್'. (ವಿಭಕ್ತಿಗೆ ಆಂಗ್ಲರು ಹೇಳುವ 'ಕೇಸ್' ಎಂಬ ಮಾತಿಗೂ ಮೂಲದಲ್ಲಿ 'ಬೀಳುವಿಕೆ' ಎಂದೇ ಅರ್ಥ. ಪ್ರಥಮಾ ವಿಭಕ್ತಿ ನೆಟ್ಟಗೆ ನಿಂತಿದೆ, ಉಳಿದವು ಅದರಿಂದ ವಾಲಿ ಬಿದ್ದಿವೆ ಎಂಬ ಕಲ್ಪನೆ. ನಮ್ಮ ವೈಯಾಕರಣರು ಯಾವುದನ್ನೂ ಬೀಳಿಸದೆ 'ವಿಭಾಗ' ಎಂದು ಮಾತ್ರ ಹೇಳಿ ಸುಮ್ಮನಾದರು.)

ಆ ದಿನದ ನಗೆ ನನ್ನನ್ನು ಪುಸ್ತಕಭಂಡಾರದ ದಪ್ಪ ನಿಘಂಟಿನ ಮುಂದೆ ಕೂರಿಸಿತು. ಕೆಡುವುದಕ್ಕೆ ಆಂಗ್ಲರಲ್ಲಿ ಎಷ್ಟು ಮಾತುಗಳಿವೆಯೆಂದು ನೋಡಹೊರಟವನಿಗೆ ಒಂದು ಸಂತೆಯೇ ಕಣ್ಣಿಗೆ ಬಿದ್ದಿತು. ಹಣ್ಣು 'ರಾಟ್' ಆಗುತ್ತದೆ, ಹಲ್ಲು 'ಡಿಕೇ' ಆಗುತ್ತದೆ, ಹೂವು 'ವಿದರ್' ಆಗುತ್ತದೆ, ಬಣ್ಣ 'ಫೇಡ್' ಆಗುತ್ತದೆ, ಗೋಡೆ 'ಕ್ರಂಬಲ್' ಆಗುತ್ತದೆ, ಕಬ್ಬಿಣ 'ರಸ್ಟ್' ಆಗುತ್ತದೆ, ಗಾಯ 'ಫೆಸ್ಟರ್' ಆಗುತ್ತದೆ. ಬಳಸದೆ ಬಿಟ್ಟ ಸ್ನಾಯು 'ಆಟ್ರೊಫಿ' ಆಗುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಆಂಗ್ಲರು ಹುಬ್ಬೇರಿಸುತ್ತಾರೆ. ಚಂದ್ರ ಮಾತ್ರ 'ವೇನ್' ಆಗುತ್ತಾನೆ. ಕೊಳೆಯುವ ಬಾಳೆಹಣ್ಣು 'ವೇನ್' ಆಗುವಂತಿಲ್ಲ. ಏಕೆಂದರೆ ಆ ಮಾತಿನೊಳಗೆ ಕೃಷ್ಣಪಕ್ಷವಿದೆ, ಕೃಷ್ಣಪಕ್ಷದ ಹಿಂದೆ ಶುಕ್ಲಪಕ್ಷವಿದೆ. ಸಮುದ್ರದ ಇಳಿತಕ್ಕೆ ಹೇಳುವ 'ಎಬ್' ಕೂಡ ಹಾಗೆಯೇ. ಇಳಿದದ್ದು ಮತ್ತೆ ಏರುತ್ತದೆಯೆಂಬ ಭರವಸೆಯನ್ನು ಒಳಗಿಟ್ಟುಕೊಂಡ ಮಾತು. ಒಬ್ಬ ಮುಖಂಡನ ಪ್ರಭಾವ 'ವೇನ್' ಆಯಿತೆಂದು ಬರೆದ ಪತ್ರಕರ್ತ ಅವನಿಗೆ ಇನ್ನೊಂದು ಹುಣ್ಣಿಮೆಯ ಅವಕಾಶ ಉಳಿಸಿದ್ದಾನೆ. 'ರಾಟ್' ಎಂದು ಬರೆದವನು ಗೊಬ್ಬರದ ಗುಂಡಿಗೆ ಹಾಕಿಬಿಟ್ಟಿದ್ದಾನೆ. 

ಇನ್ನು ಕೆಲವು ಮಾತುಗಳಲ್ಲಿ ಹಲ್ಲುಗಳಿವೆ. 'ಕರೋಡ್', 'ಇರೋಡ್' ಎಂಬೆರಡೂ ಲ್ಯಾಟಿನ್ನಿನಲ್ಲಿ ಕಡಿ, ಕೊರೆ ಎಂಬ ಅರ್ಥದ ಒಂದೇ ಧಾತುವಿನಿಂದ ಬಂದುವು. ಇಲಿಯ ಜಾತಿಗೆ ಹೇಳುವ 'ರೋಡೆಂಟ್' ಎಂಬ ಮಾತಿನ ಮೂಲವೂ ಅದೇ. ನದಿಯು ದಡವನ್ನು ಕೊರೆಯುವಾಗ ಆಂಗ್ಲಭಾಷೆಯ ಮನಸ್ಸಿನಲ್ಲಿ ಒಂದು ಇಲಿ ಓಡಾಡುತ್ತಿದೆಯೆಂದಾಯಿತು. ನನಗೆ ಈ ಮಾತುಗಳ ಮೇಲೆ ಗೌರವವಿದೆ. ಅವು ಕಡಿದವನನ್ನು ಮರೆತಿಲ್ಲ. ಬಾಡು ಎಂಬರ್ಥದ 'ವಿದರ್' ಸಹ ಹವಾಮಾನಕ್ಕೆ ಹೇಳುವ 'ವೆದರ್' ಎಂಬ ಮಾತಿನದೇ ಇನ್ನೊಂದು ರೂಪವೆಂದು ನಿಘಂಟು ಹೇಳುತ್ತದೆ. ಹೂವು ಸುಮ್ಮನೆ ಬಾಡಲಿಲ್ಲ, ಗಾಳಿ ಬಿಸಿಲುಗಳು ಬಾಡಿಸಿದುವು.

ಕನ್ನಡಕ್ಕೇನು ಈ ಸಂಪತ್ತಿನಲ್ಲಿ ಬಡತನವಿಲ್ಲ. ಅನ್ನ ಹಳಸುತ್ತದೆ, ಹಾಲು ಒಡೆಯುತ್ತದೆ, ಹಿಟ್ಟು ಮುಗ್ಗುತ್ತದೆ, ಹಳೆಯ ಎಣ್ಣೆಗೆ ಕಮಟು ಹತ್ತುತ್ತದೆ, ತಾಮ್ರದ ಚೆಂಬಿಗೆ ಕಿಲುಬು ಹಿಡಿಯುತ್ತದೆ, ತೊಲೆ ಲಡ್ಡಾಗುತ್ತದೆ, ಪೈರು ಸೊರಗುತ್ತದೆ. ಇವೆಲ್ಲ ಮನೆಯ ಮಾತುಗಳು. ಸಭೆಯ ಮಾತು ಬೇಕಾದಾಗ ನಾವು ಸಂಸ್ಕೃತಕ್ಕೆ ಹೋಗುತ್ತೇವೆ: ಅವನತಿ, ಪತನ, ಹ್ರಾಸ, ಅಧೋಗತಿ. ಆಂಗ್ಲರೂ ಅಡುಗೆಮನೆಗೆ ತಮ್ಮ ಹಳೆಯ ಸ್ಯಾಕ್ಸನ್ ಮಾತುಗಳನ್ನು ಇಟ್ಟುಕೊಂಡು, ಕಚೇರಿಗೆ ಲ್ಯಾಟಿನ್ನನ್ನು ತಂದುಕೊಂಡರು. ಚಿತ್ರವೂ ಒಂದೇ ಆಗಿರುವುದು ನನಗೆ ಬಹಳ ಸೋಜಿಗವೆನಿಸಿತು. 'ಡಿಕ್ಲೈನ್' ಎಂದರೆ ಬಾಗಿ ಸರಿಯುವುದು. 'ಅವನತಿ' ಎಂದರೆ ಕೆಳಕ್ಕೆ ಬಾಗುವುದು. 'ಡಿಕೇ' ಎಂದರೆ ಕೆಳಕ್ಕೆ ಬೀಳುವುದು, 'ಪತನ'ವೂ ಬೀಳುವುದೇ. ಎರಡು ದೇಶಗಳ ಪಂಡಿತರು ಒಂದೇ ಇಳಿಜಾರನ್ನು ನೋಡಿ ಹೆಸರಿಟ್ಟಂತಿದೆ.

ಈ ಮನೆಯ ಮಾತಿಗೂ ಸಭೆಯ ಮಾತಿಗೂ ಇರುವ ವ್ಯತ್ಯಾಸ ಬರಿಯ ಗಾಂಭೀರ್ಯದ್ದೆಂದು ನಾನು ಮೊದಲು ತಿಳಿದಿದ್ದೆ. ಈಗ ಹಾಗೆ ತಿಳಿದಿಲ್ಲ. ಮನೆಯಲ್ಲಿ ಹಾಲು ಒಡೆದರೆ ನಮ್ಮ ಅಜ್ಜಿ "ಒಡೆಯಿತು" ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವವಳಲ್ಲ. "ಕಾಯಿಸದೆ ಇಟ್ಟೋರು ಯಾರು?" ಎಂಬುದು ಅವಳ ಎರಡನೆಯ ವಾಕ್ಯ. ಅನ್ನ ಹಳಸಿದರೆ "ಮುಚ್ಚಿಟ್ಟು ಮರೆತೋರು ಯಾರು?" ಹಿಟ್ಟು ಮುಗ್ಗಿದರೆ "ಡಬ್ಬಕ್ಕೆ ಒದ್ದೆ ಕೈ ಹಾಕಿದೋರು ಯಾರು?" ಕ್ರಿಯಾಪದ ಅಕರ್ಮಕವೇ ಸರಿ, ಆದರೆ ಅಡುಗೆಮನೆಯಲ್ಲಿ ಅದರ ಬೆನ್ನಹಿಂದೆಯೇ ಒಂದು ವಿಚಾರಣೆ ನಡೆಯುತ್ತದೆ, ಒಮ್ಮೊಮ್ಮೆ ನನ್ನ ತಂಗಿಯ ಕಿವಿಯೂ ಕೆಂಪಾಗುತ್ತದೆ. ಸಭೆಯ ಕ್ರಿಯಾಪದಗಳಿಗೆ ಮಾತ್ರ ಯಾರೂ ಎರಡನೆಯ ವಾಕ್ಯವನ್ನು ಕೇಳುವುದಿಲ್ಲ. 'ಕೈಗಾರಿಕೆ ಅವನತಿ ಹೊಂದಿತು' ಎಂದೊಡನೆ ನಾವು ಅದನ್ನು ಬರೆದುಕೊಂಡು ಅಡಿಗೆರೆ ಎಳೆಯುತ್ತೇವೆ. ನನ್ನ ಆಕ್ಷೇಪಣೆಯಿರುವುದು ಇಲ್ಲಿಯೇ.

ಶಬ್ದಗಳ ಚರಿತ್ರೆಯಲ್ಲಿಯೇ ಈ ಮರೆವು ಕಾಣುತ್ತದೆ. 'ಸ್ಪಾಯಿಲ್' ಎಂಬ ಮಾತನ್ನು ನೋಡಿ. ಇಂದು ಬಿಸಿಲಿಗೆ ಇಟ್ಟ ಮೀನು 'ಸ್ಪಾಯಿಲ್' ಆಗುತ್ತದೆ. ಆದರೆ ಅದರ ಮೂಲವಾದ ಲ್ಯಾಟಿನ್ ಮಾತಿಗೆ ಸುಲಿಗೆ ಮಾಡು, ಸತ್ತ ಶತ್ರುವಿನ ಮೈಮೇಲಿನ ಆಯುಧಗಳನ್ನು ಕಿತ್ತುಕೊಳ್ಳು ಎಂದು ಅರ್ಥ. ಯುದ್ಧದ ಕೊಳ್ಳೆಗೆ ಇಂದಿಗೂ 'ಸ್ಪಾಯಿಲ್ಸ್' ಎನ್ನುತ್ತಾರೆ. ಸುಲಿಗೆಕಾರ ಎದುರಿಗೆ ನಿಂತಿದ್ದ ಮಾತಿನಿಂದ ಅವನು ಮೆಲ್ಲನೆ ಜಾರಿಕೊಂಡು, ಕಡೆಗೆ ಮೀನು ತಾನೇ ಕೆಟ್ಟಿತೆಂದಾಯಿತು! ಪಾಳುಮನೆಗೆ ಹೇಳುವ 'ಡಿಲ್ಯಾಪಿಡೇಟೆಡ್' ಎಂಬುದರಲ್ಲಿ 'ಕಲ್ಲು' ಎಂಬ ಲ್ಯಾಟಿನ್ ಶಬ್ದ ಅಡಗಿದೆ. ಆ ಮಾತಿಗೆ ಮೊದಲು ಸ್ವತ್ತನ್ನು ಪೋಲುಮಾಡು ಎಂಬ ಅರ್ಥವಿತ್ತು. ಇಂದು ಅದು ಪಾಳುಬಿದ್ದ ಮನೆಯ ವರ್ಣನೆ ಮಾತ್ರ. ಆದರೆ ಇಂಗ್ಲೆಂಡಿನ ವಕೀಲರು ಮಾತ್ರ ಮರೆತಿಲ್ಲ. ಅಲ್ಲಿ ಬಾಡಿಗೆಯ ಕಟ್ಟಡವನ್ನು ಗುತ್ತಿಗೆ ಮುಗಿದು ಬಿಟ್ಟುಹೋಗುವವನು ರಿಪೇರಿ ಮಾಡಿಸದೆ ಹಾಳುಬಿಟ್ಟಿದ್ದರೆ, ಮಾಲಿಕನು ಅವನ ಮೇಲೆ ಹಾಕುವ ಹಣದ ಬೇಡಿಕೆಗೆ 'ಡಿಲ್ಯಾಪಿಡೇಷನ್ಸ್' ಎಂದೇ ಹೆಸರು. ಮನೆ ತಾನಾಗಿ ಪಾಳಾಯಿತೆಂಬ ಮಾತು ಮಾಲಿಕನ ಮುಂದೆ ನಡೆಯುವುದಿಲ್ಲ. ದುಡ್ಡಿನ ಪ್ರಶ್ನೆ ಬಂದಾಗ ಆಂಗ್ಲಭಾಷೆಗೆ ಕರ್ತೃಪದದ ನೆನಪು ಚೆನ್ನಾಗಿಯೇ ಬರುತ್ತದೆ.

ತಾನಾಗಿ ಕೆಡುವ ವಸ್ತುವೇ ಇಲ್ಲವೆ ಎಂದು ಹಾಸ್ಟೆಲಿನ ವಿಜ್ಞಾನದ ಗೆಳೆಯನೊಬ್ಬನನ್ನು ಕೇಳಿದೆ. ಅವನು ಉಂಟೆಂದನು. ರೇಡಿಯಂ ಧಾತುವಿನ ಪರಮಾಣು 'ಡಿಕೇ' ಆಗುತ್ತದೆ. ಈಗಿರುವ ರೇಡಿಯಮ್ಮಿನಲ್ಲಿ ಅರ್ಧಭಾಗ ಕರಗುವುದಕ್ಕೆ ಸುಮಾರು 1600 ವರ್ಷಗಳು ಬೇಕು. ಕಾಯಿಸಿದರೂ ಬೇಗ ಆಗದು, ತಣ್ಣಗಿಟ್ಟರೂ ತಡವಾಗದು. ಯಾರೂ ತಳ್ಳಲಿಲ್ಲ, ಯಾರೂ ಮರೆಯಲಿಲ್ಲ. ಅಕರ್ಮಕ ಕ್ರಿಯಾಪದಕ್ಕೆ ಇದಕ್ಕಿಂತ ಯೋಗ್ಯವಾದ ಕರ್ತೃ ನನಗೆ ಸಿಕ್ಕಿಲ್ಲ. ಆದರೆ ನಮ್ಮ ಚರಿತ್ರೆಯ ಪುಸ್ತಕಗಳು ನೇಕಾರರನ್ನೂ ರೈತರನ್ನೂ ರೇಡಿಯಮ್ಮಿನಂತೆ ಕಾಣುತ್ತವಲ್ಲ, ಅದಕ್ಕೆ ಏನು ಹೇಳೋಣ?

ಮೊದಲು ಇಂಗ್ಲೆಂಡಿನ ನೆರೆಯನ್ನೇ ನೋಡೋಣ. 1845 ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ಬಂದು ಗೆಡ್ಡೆಗಳು ನೆಲದೊಳಗೇ ಕೊಳೆತುವು. ಅದಕ್ಕೆ ಆಂಗ್ಲರು 'ರಾಟ್' ಎಂದೇ ಬರೆದರು. ಅದು ಸರಿಯಾದ ಮಾತು, ಗೆಡ್ಡೆ ಕೊಳೆತದ್ದು ನಿಜ. ಮುಂದಿನ ವರ್ಷಗಳಲ್ಲಿಯೂ ಬೆಳೆ ಹೋಯಿತು. 1841 ರ ಜನಗಣತಿಯಲ್ಲಿ ಸುಮಾರು 81 ಲಕ್ಷ 75 ಸಾವಿರವಿದ್ದ ಐರಿಷ್ ಜನ, 1851 ರಲ್ಲಿ ಸುಮಾರು 65 ಲಕ್ಷ 50 ಸಾವಿರಕ್ಕೆ ಬಂದರು. ಇದನ್ನು ಹೇಳುವಾಗ ಬರುವ ಕ್ರಿಯಾಪದ 'ಡಿಕ್ಲೈನ್ಡ್'. 'ಪಾಪ್ಯುಲೇಷನ್ ಡಿಕ್ಲೈನ್ಡ್'! ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರಗಳಿಂದಲೂ ಸತ್ತರು. ಅಷ್ಟೇ ಮಂದಿ, ಅಥವಾ ಅದಕ್ಕೂ ಹೆಚ್ಚು, ಹಡಗು ಹತ್ತಿ ದೇಶ ಬಿಟ್ಟರು. ಗೇಣಿ ಕೊಡಲಾರದವರ ಗುಡಿಸಲುಗಳನ್ನು ಜಮೀನ್ದಾರರು ಕೆಡವಿಸಿದರು. ಅದೇ ವರ್ಷಗಳಲ್ಲಿ ಐರ್ಲೆಂಡಿನ ಬಂದರುಗಳಿಂದ ಧಾನ್ಯವೂ ದನಗಳೂ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದುವು. ಆಲೂಗಡ್ಡೆಗೆ ಒಂದು ಪ್ರಾಮಾಣಿಕವಾದ ಕ್ರಿಯಾಪದ ಸಿಕ್ಕಿತು. ಮನುಷ್ಯರಿಗೆ ಸಿಕ್ಕಲಿಲ್ಲ.

ನಮ್ಮ ಮೈಸೂರು ಸೀಮೆಯೂ ಅದೇ ಕ್ರಿಯಾಪದದ ಕೆಳಗೆ ಬಂದುಹೋಗಿದೆ. 1876 ರಿಂದ 1878 ರ ವರೆಗಿನ ಬರವನ್ನು ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರ ಬರವೆಂದು ಕರೆಯುತ್ತಿದ್ದರು. ಆಗ ಈ ಸಂಸ್ಥಾನ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. 1871 ರಲ್ಲಿ ಸುಮಾರು 50 ಲಕ್ಷವಿದ್ದ ಪ್ರಜೆಗಳು 1881 ರ ಗಣತಿಯಲ್ಲಿ ಸುಮಾರು 42 ಲಕ್ಷ. ಎಂಟು ಲಕ್ಷಕ್ಕೂ ಹೆಚ್ಚು ಜನ ಒಂದು 'ಡಿಕ್ಲೈನ್' ಎಂಬ ಮಾತಿನೊಳಗೆ ಹಿಡಿದರು. ಮಳೆ ಬರಲಿಲ್ಲವೆಂಬುದು ಸತ್ಯ. ಮಳೆಯೊಂದೇ ಕಾರಣವೆಂದು ಆ ಮಾತು ಸೂಚಿಸುತ್ತದೆಯಲ್ಲ, ಅದರಲ್ಲಿ ನನಗೆ ಸಂದೇಹ.

ಪರೀಕ್ಷೆಯಲ್ಲಿ 'ಭಾರತೀಯ ಕರಕುಶಲ ಕೈಗಾರಿಕೆಗಳ ಅವನತಿಗೆ ಕಾರಣಗಳನ್ನು ವಿವರಿಸಿ' ಎಂಬ ಪ್ರಶ್ನೆಯನ್ನು ನಾವೆಲ್ಲ ಬರೆದಿದ್ದೇವೆ. ಇಂಗ್ಲೆಂಡಿನ ಪಾರ್ಲಿಮೆಂಟು 1700 ರಲ್ಲಿ ಹಿಂದೂಸ್ಥಾನದ ಅಚ್ಚಿನ ಹತ್ತಿಬಟ್ಟೆ ತಮ್ಮ ದೇಶದೊಳಗೆ ಮಾರಾಟಕ್ಕೆ ಬರಬಾರದೆಂದು ಕಾನೂನು ಮಾಡಿತು. ಅದೂ ಸಾಲದೆ 1721 ರಲ್ಲಿ ಇನ್ನೊಂದು ಕಾನೂನು ತಂದು, ಅಂಥ ಬಟ್ಟೆಯನ್ನು ಉಡುವುದನ್ನೇ ಬಹುಮಟ್ಟಿಗೆ ನಿಷೇಧಿಸಿತು. ಮುಂದೆ ನಮ್ಮ ಬಟ್ಟೆಯ ಮೇಲೆ ಅಲ್ಲಿ ಭಾರಿ ಸುಂಕ, ಅವರ ಗಿರಣಿಯ ಬಟ್ಟೆಗೆ ಇಲ್ಲಿ ಸುಲಭವಾದ ದಾರಿ. ಇಷ್ಟು ಕೈಗಳು ಸೇರಿ ಮಾಡಿದ ಕೆಲಸಕ್ಕೆ 'ಅವನತಿ ಹೊಂದಿತು' ಎನ್ನುವುದು, ಕಳ್ಳತನವಾದ ಮನೆಯಲ್ಲಿ 'ಒಡವೆ ಕಡಿಮೆಯಾಯಿತು' ಎಂದು ಹೇಳಿದಂತೆ. 'ಕಾರಣಗಳನ್ನು ವಿವರಿಸಿ' ಎಂದು ಪ್ರಶ್ನೆಯಲ್ಲಿ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಇದೆ. ಆದರೆ ಕಾರಣ ಬೇರೆ, ಕರ್ತೃ ಬೇರೆ. ಐದು ಕಾರಣಗಳನ್ನು ನೆನಪಿಟ್ಟುಕೊಂಡು ಐದೂ ಅಂಕ ಪಡೆದ ನನ್ನಂಥವನು ಒಂದು ಹೆಸರನ್ನೂ ಬರೆಯದೆ ಎದ್ದು ಬರಬಹುದು; ಬಂದಿದ್ದೇನೆ.

ಈ ಮೋಸವನ್ನು ಮೊದಲು ಕಂಡುಕೊಂಡವರಲ್ಲಿ ದಾದಾಭಾಯಿ ನವರೋಜಿಯವರು ಒಬ್ಬರೆಂದು ನನ್ನ ಎಣಿಕೆ. ಅವರು ಭಾರತದ ಸಂಪತ್ತು 'ಡಿಕ್ಲೈನ್' ಆಯಿತೆಂದು ಹೇಳಿ ನಿಲ್ಲಲಿಲ್ಲ. 'ಡ್ರೇನ್' ಎಂದರು. 1867 ರಿಂದ ಲಂಡನ್ನಿನ ಸಭೆಗಳಲ್ಲಿ ವಾದಿಸಿ, 1901 ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಅವರ ವಾದವೆಲ್ಲ ಆ ಒಂದು ಶಬ್ದದ ಸುತ್ತ ಸುತ್ತುತ್ತದೆ. ಚರಂಡಿಗೆ ಎರಡು ತುದಿಗಳುಂಟು. ಒಂದು ತುದಿಯಲ್ಲಿ ನೀರು ಇಳಿದರೆ ಇನ್ನೊಂದು ತುದಿಯಲ್ಲಿ ಅದು ಸೇರಲೇಬೇಕು. ಬತ್ತಿಹೋಯಿತೆಂದರೆ ಆಕಾಶ ನೋಡುತ್ತೇವೆ, ಹರಿದುಹೋಯಿತೆಂದರೆ ಎಲ್ಲಿಗೆ ಎಂದು ಕೇಳುತ್ತೇವೆ. ಅಂಕಿ-ಅಂಶಗಳ ರಾಶಿಯ ನಡುವೆ ಆ ಮಹನೀಯರು ಮಾಡಿದ ಬಹು ದೊಡ್ಡ ಕೆಲಸ ಸರಿಯಾದ ಕ್ರಿಯಾಪದವನ್ನು ಆರಿಸಿದ್ದು ಎಂದರೆ ಅತಿಶಯೋಕ್ತಿಯಾಗಲಾರದು.

ಹಾಗೆಂದು ಈ ಮಾತುಗಳನ್ನೆಲ್ಲ ಭಾಷೆಯಿಂದ ಓಡಿಸಬೇಕೆಂದು ನಾನು ಹೇಳುತ್ತಿಲ್ಲ. ಎಡ್ವರ್ಡ್ ಗಿಬ್ಬನ್ನನು 1776 ರಿಂದ 1788 ರ ವರೆಗೆ ಆರು ಸಂಪುಟಗಳಲ್ಲಿ ರೋಮನ್ ಸಾಮ್ರಾಜ್ಯದ ಅವನತಿ ಮತ್ತು ಪತನದ ಚರಿತ್ರೆಯನ್ನು ಬರೆದನಷ್ಟೆ. ಇಪ್ಪತ್ತನೆಯ ಶತಮಾನದಲ್ಲಿ ಕೆಲವು ವಿದ್ವಾಂಸರಿಗೆ ಆ ಮಾತು ಹಿಡಿಸಲಿಲ್ಲ. 1971 ರಲ್ಲಿ ಪೀಟರ್ ಬ್ರೌನ್ ಎಂಬವರ ಪುಸ್ತಕ ಬಂದ ಮೇಲೆ, ಅದು ಅವನತಿಯಲ್ಲ, ಪರಿವರ್ತನೆ ಎನ್ನುವುದು ರೂಢಿಯಾಯಿತು. 2005 ರಲ್ಲಿ ಬ್ರಯನ್ ವಾರ್ಡ್-ಪರ್ಕಿನ್ಸ್ ಎಂಬವರು ಇದನ್ನು ಒಪ್ಪದೆ ಮಣ್ಣಿನ ಕೆಳಗಿನ ಸಾಕ್ಷಿಯನ್ನು ತಂದಿಟ್ಟರು. ಸಾಮಾನ್ಯರ ಮನೆಗೂ ಬರುತ್ತಿದ್ದ ಒಳ್ಳೆಯ ಮಡಕೆ ಕುಡಿಕೆಗಳು ಇಲ್ಲವಾದುವು, ಹೆಂಚಿನ ಮಾಡು ಅಪರೂಪವಾಯಿತು, ದನಗಳ ಮೂಳೆಗಳು ಕೂಡ ಚಿಕ್ಕವಾದುವು. ಹಸುವೇ ಕುಗ್ಗಿದ ಮೇಲೆ 'ಪರಿವರ್ತನೆ' ಎಂದರೆ ಹಾಲು ಕರೆಯುವವನು ನಕ್ಕಾನು. ನಿಜವಾಗಿ ಇಳಿದುದನ್ನು ಇಳಿಯಿತೆನ್ನಲು ಹಿಂಜರಿಯುವುದೂ ಒಂದು ಬಗೆಯ ಮುಚ್ಚುಮರೆಯೇ. ನಾನು ಕೇಳುವುದಿಷ್ಟೆ: ಯಾವುದಾದರೂ ಇಳಿಯಿತೆಂದು ಹೇಳುವವನು, ಎಲ್ಲಿಂದ ಇಳಿಯಿತೆಂದು ವಾರ್ಡ್-ಪರ್ಕಿನ್ಸರಂತೆ ಮಡಕೆಯನ್ನೂ ಹೆಂಚನ್ನೂ ತೋರಿಸಲಿ.

ಹಾಗೆ ತೋರಿಸದೆ ಬಿಟ್ಟರೆ ಈ ಮಾತುಗಳು ಎಲ್ಲಿಗೆ ಕೊಂಡೊಯ್ಯಬಹುದೆಂಬುದಕ್ಕೆ 'ಡಿಜೆನರೇಟ್' ಎಂಬ ಶಬ್ದ ಸಾಕ್ಷಿ. ಅದರ ಹೊಟ್ಟೆಯಲ್ಲಿರುವುದು 'ಗೀನಸ್', ಅಂದರೆ ಕುಲ. ಕುಲದಿಂದ ಜಾರಿದ್ದು ಎಂದು ಅದರ ಮೂಲಾರ್ಥ. ಮಾಕ್ಸ್ ನಾರ್ಡೌ ಎಂಬವನು 1892 ರಲ್ಲಿ ಇದೇ ಹೆಸರಿನ ಒಂದು ಪುಸ್ತಕವನ್ನು ಜರ್ಮನ್ ಭಾಷೆಯಲ್ಲಿ ಬರೆದು, ತನ್ನ ಕಾಲದ ಕವಿ ಕಲಾವಿದರಿಗೆಲ್ಲ ಆ ಹಣೆಪಟ್ಟಿ ಅಂಟಿಸಿದನು. ಅವನು ಯೆಹೂದಿ. ವಿಧಿಯ ವಿಪರ್ಯಾಸ ನೋಡಿ, ಅದೇ ಶಬ್ದವನ್ನು ಯೆಹೂದಿಗಳ ವೈರಿಗಳಾದ ನಾಜಿಗಳು ಎತ್ತಿಕೊಂಡರು. 1937 ರಲ್ಲಿ ಮ್ಯೂನಿಕ್ ನಗರದಲ್ಲಿ 'ಕುಲಗೆಟ್ಟ ಕಲೆ' ಎಂಬ ಪ್ರದರ್ಶನವನ್ನೇರ್ಪಡಿಸಿ ಸುಮಾರು 650 ಕೃತಿಗಳನ್ನು ಜನರ ಅಪಹಾಸ್ಯಕ್ಕೆ ಗುರಿಮಾಡಿದರು. ಮೊದಲು ಚಿತ್ರಗಳು ಕುಲಗೆಟ್ಟುವು; ಮನುಷ್ಯರ ಸರದಿ ಆಮೇಲೆ ಬಂದಿತು. ಜಾತಿಯ ನಾಡಿನಲ್ಲಿ ಹುಟ್ಟಿದ ನಮಗೆ, 'ಕುಲಗೆಟ್ಟವನು' ಎಂಬ ಬೈಗುಳ ಕೇಳಿ ಬೆಳೆದವರಿಗೆ, ಈ ಶಬ್ದಕ್ಕೆ ವ್ಯಾಖ್ಯಾನ ಬೇಡ.

ಇಷ್ಟು ದೂರ ಬಂದ ಮೇಲೆ ನನ್ನಂಥವರ ಮೇಲೆ ಪ್ರತಿದಿನ ಬೀಳುವ ಒಂದು ಕ್ರಿಯಾಪದದ ಮಾತನ್ನೂ ಆಡಿಬಿಡುತ್ತೇನೆ. 'ಸ್ಟಾಂಡರ್ಡ್ಸ್ ಹ್ಯಾವ್ ಡಿಟೀರಿಯೊರೇಟೆಡ್.' ಶಿಕ್ಷಣದ ಮಟ್ಟ ಹದಗೆಟ್ಟಿದೆ! ಈ ವಾಕ್ಯವಿಲ್ಲದೆ ಯಾವ ಕಾಲೇಜಿನ ವಾರ್ಷಿಕೋತ್ಸವವೂ ಮುಗಿಯುವುದಿಲ್ಲ. 'ಡಿಟೀರಿಯೊರೇಟ್' ಎಂದರೆ ಇದ್ದುದಕ್ಕಿಂತ ಕೀಳಾಗು. ಹಾಗಾದರೆ ಮೊದಲು ಇದ್ದುದು ಏನು, ಎಲ್ಲಿ, ಯಾರ ಮನೆಯಲ್ಲಿ? 1951 ರ ಜನಗಣತಿಯಲ್ಲಿ ಈ ದೇಶದ ನೂರು ಮಂದಿಯಲ್ಲಿ ಅಕ್ಷರ ಬಲ್ಲವರು ಸುಮಾರು 18 ಜನ. 2011 ರಲ್ಲಿ ಸುಮಾರು 74 ಜನ. ನಮ್ಮ ಅಜ್ಜ ಹೆಬ್ಬೆಟ್ಟಿನವನು. ಅಪ್ಪ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ನಮ್ಮ ಮನೆಯಲ್ಲಿ ಇಳಿಯುವುದಕ್ಕೆ ಮೆಟ್ಟಿಲೇ ಇರಲಿಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಹಿಂದೆ ಹತ್ತು ಮಂದಿ ಪರೀಕ್ಷೆಗೆ ಕೂತು ತಲೆಗೆ 60 ಅಂಕ ಪಡೆದರೆನ್ನಿ. ಈಗ ಆ ಹತ್ತು ಮಂದಿಯ ಜೊತೆಗೆ ಹೊಸದಾಗಿ ಬಂದ ತೊಂಬತ್ತು ಮಂದಿ ಕೂತು ತಲೆಗೆ 40 ಪಡೆದರು. ಸರಾಸರಿ 60 ರಿಂದ 42 ಕ್ಕೆ ಬಿದ್ದಿತು. ಬಿದ್ದದ್ದು ಸರಾಸರಿ, ಸರಿ. ಬಿದ್ದ ಹುಡುಗ ಯಾರು? ಮೊದಲಿನ ಹತ್ತು ಜನ ಇದ್ದಲ್ಲೇ ಇದ್ದಾರೆ, ತೊಂಬತ್ತು ಜನ ಸೊನ್ನೆಯಿಂದ ನಲವತ್ತಕ್ಕೆ ಏರಿದ್ದಾರೆ. 

ನನ್ನ ಇಂಗ್ಲಿಷ್ ಚೆನ್ನಾಗಿದೆಯೆಂದು ವಾದಿಸಲು ಹೊರಟಿಲ್ಲ. ಮೊದಲ ಪುಟದಲ್ಲಿಯೇ ಅದರ ಗತಿಯನ್ನು ನಿವೇದಿಸಿದ್ದೇನೆ. ನಾನು ಓದಿದ ಹೈಸ್ಕೂಲಿನಲ್ಲಿ ಎರಡು ವರ್ಷ ಇಂಗ್ಲಿಷ್ ಹೇಳಿಕೊಡುವವರೇ ಇರಲಿಲ್ಲ, ಗಣಿತದ ಮೇಷ್ಟರು ಬಿಡುವಿದ್ದಾಗ ಬಂದು ಪಾಠ ಓದಿಸಿ ಹೋಗುತ್ತಿದ್ದರು. ಹದಗೆಡುವುದಕ್ಕೆ ಮೊದಲು ಹದ ಮಾಡಿದವರಿರಬೇಕಷ್ಟೆ.

ಇನ್ನು ಈ ಗೊಣಗಾಟವೂ ಹೊಸದಲ್ಲ. 1712 ರಲ್ಲಿಯೇ ಜೋನಾಥನ್ ಸ್ವಿಫ್ಟ್ ಆಂಗ್ಲಭಾಷೆ ಕೆಟ್ಟುಹೋಗುತ್ತಿದೆ, ಅದನ್ನು ತಿದ್ದಿ ಭದ್ರಪಡಿಸಬೇಕು ಎಂದು ಒಬ್ಬ ಮಂತ್ರಿಗೆ ಬಹಿರಂಗ ಪತ್ರವನ್ನೇ ಬರೆದಿದ್ದನು. 1755 ರಲ್ಲಿ ನಿಘಂಟನ್ನು ಹೊರತಂದ ಸಾಮ್ಯುಯೆಲ್ ಜಾನ್ಸನ್ನನು, ಭಾಷೆಯನ್ನು ಇದ್ದಂತೆ ನಿಲ್ಲಿಸುವ ಆಸೆ ತನಗೂ ಇತ್ತು, ಅದು ಆಗದ ಮಾತು ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡನು. ಭಾಷೆಗಳು ಸ್ವಭಾವದಿಂದಲೇ ಕೆಡುತ್ತವೆ ಎಂದು ಮಾತ್ರ ನಂಬಿಕೊಂಡಿದ್ದನು. ಮುನ್ನೂರು ವರ್ಷಗಳಿಂದ ಕೊಳೆಯುತ್ತಿರುವ ಈ ಭಾಷೆಯ ಕ್ರಿಯಾಪದಗಳನ್ನು ಇಂದು ನನ್ನಂಥವನು ಹಳ್ಳಿಯಿಂದ ಬಂದು ಕಲಿಯುತ್ತಿದ್ದೇನೆ. ಕೊಳೆತದ್ದಕ್ಕೆ ಇಷ್ಟು ಗಿರಾಕಿ ಎಲ್ಲಿಯೂ ಇಲ್ಲ!

ಏಳನೆಯ ವಾಕ್ಯಕ್ಕೆ ಮತ್ತೆ ಬರುತ್ತೇನೆ. ನಮ್ಮ ಅಜ್ಜ ಮೂವತ್ತು ವರ್ಷ ಕಲ್ಲುಕ್ವಾರಿಯಲ್ಲಿ ದುಡಿದವನು. ಬಂಡೆಗೆ ರಂಧ್ರ ಕೊರೆಯುವ ಕೆಲಸ. ಕಲ್ಲಿನ ಹಿಟ್ಟು ಅವನ ಹುಬ್ಬು ರೆಪ್ಪೆಗಳ ಮೇಲೆ ಸದಾ ಕೂತಿರುತ್ತಿತ್ತು, ಊಟಕ್ಕೆ ಮುಂಚೆ ಟವಲಿನಿಂದ ಝಾಡಿಸಿಕೊಳ್ಳುತ್ತಿದ್ದನು. ಒಳಕ್ಕೆ ಹೋದ ಹಿಟ್ಟನ್ನು ಝಾಡಿಸುವ ಟವಲು ಇರಲಿಲ್ಲ. ಸಣ್ಣ ಕಲ್ಲುಧೂಳು ಶ್ವಾಸಕೋಶದಲ್ಲಿ ಸೇರಿ ಅದನ್ನು ಗಂಟುಕಟ್ಟಿಸುವ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರಿದೆಯೆಂಬುದೂ, 1923 ರ ಕಾರ್ಮಿಕ ಪರಿಹಾರ ಕಾಯಿದೆ ಅದನ್ನು ಕೆಲಸದಿಂದ ಬಂದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತೆಂಬುದೂ ನನಗೆ ತಿಳಿದದ್ದು ಬಹಳ ತಡವಾಗಿ. ಆಗ ನಾನು ಪಿ.ಯು.ಸಿ. ಓದುತ್ತಿದ್ದೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ ಆದುದರಿಂದ ಆಸ್ಪತ್ರೆಯ ಕಾಗದವನ್ನು ನನ್ನ ಕೈಗೆ ಕೊಟ್ಟರು. ಮಧ್ಯದಲ್ಲೊಂದು ಸಾಲಿತ್ತು, 'ಕಂಡಿಷನ್ ಡಿಟೀರಿಯೊರೇಟೆಡ್' ಎಂದು. ವೈದ್ಯರು ತಾವು ಕಂಡದ್ದನ್ನು ಬರೆದಿದ್ದರು, ಅವರದೇನೂ ತಪ್ಪಿಲ್ಲ. ನಾನು ನಡುಮನೆಯಲ್ಲಿ ನಿಂತು, ಕುಳಿತಿದ್ದ ಹೆಂಗಸರಿಗೆಲ್ಲ ಕೇಳುವಂತೆ, "ಸ್ಥಿತಿ ಹದಗೆಟ್ಟಿತು" ಎಂದು ಕನ್ನಡದಲ್ಲಿ ಓದಿ ಹೇಳಿದೆ. ಸರಿಯಾದ ಭಾಷಾಂತರವೆಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತೆಂಬುದನ್ನು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಅಜ್ಜಿ ಗೋಡೆಗೆ ಒರಗಿಕೊಂಡು ಕೂತಿದ್ದಳು. ಹಾಲು ಒಡೆದಾಗ ಕೇಳುವ ದನಿಯಲ್ಲಿಯೇ ಕೇಳಿದಳು:

"ಹದಗೆಡಿಸಿದೋರು ಯಾರು ಅಂತ ಬರ್ದಿಲ್ವೇನ್ಲಾ ಮಗ?"

ನಾನು ಕಾಗದವನ್ನು ತಿರುಗಿಸಿ ಹಿಂದುಗಡೆಯನ್ನೂ ನೋಡಿದೆ.